ಅಪ್ಪನ ಟ್ರಂಕಿನ ನಾಣ್ಯ, ಅಂಚೆಚೀಟಿ: ಮಾರುವ ಮೊದಲು ತಿಳಿದಿರಬೇಕಾದದ್ದು

ಪ್ರಶ್ನೆ: ನಮ್ಮ ತಂದೆ ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರು. ಕಳೆದ ವರ್ಷ ತೀರಿಕೊಂಡರು. ಉಯಿಲು ಬರೆದಿಲ್ಲ. ಅವರ ಎರಡು ಟ್ರಂಕುಗಳಲ್ಲಿ ಐದು ಅಂಚೆಚೀಟಿ ಆಲ್ಬಮ್, ಹಳೆಯ ಲಕೋಟೆಗಳ ಕಟ್ಟು, ಒಂದು ಚೀಲ ನಾಣ್ಯ (ಬೆಳ್ಳಿ ರೂಪಾಯಿಗಳೂ ಇವೆ), ಹಳೆಯ ನೋಟುಗಳು, ಮೂರು ಎಚ್‌ಎಂಟಿ ಗಡಿಯಾರ, ಬಿಳಿ ಕುಸುರಿ ಇರುವ ಬೀಟೆಮರದ ಸಣ್ಣ ಪೆಟ್ಟಿಗೆ ಸಿಕ್ಕಿವೆ. ಪರಿಚಯದವರೊಬ್ಬರು ಎಲ್ಲ ಸೇರಿಸಿ ನಲವತ್ತು ಸಾವಿರಕ್ಕೆ ಕೇಳುತ್ತಿದ್ದಾರೆ. ವಿಡಿಯೊಗಳಲ್ಲಿ ನೋಡಿದರೆ ಒಂದೊಂದು ನಾಣ್ಯಕ್ಕೇ ಲಕ್ಷಗಟ್ಟಲೆ ಹೇಳುತ್ತಾರೆ. ಅಮೆರಿಕದಲ್ಲಿರುವ ತಂಗಿ, ಸ್ವಲ್ಪ ಕಳಿಸು, ಇಲ್ಲಿ ಒಳ್ಳೆಯ ಬೆಲೆಗೆ ಮಾರೋಣ ಅನ್ನುತ್ತಾಳೆ. ಆನ್‌ಲೈನಿನಲ್ಲಿ ಮಾರುವುದೋ, ಊರಲ್ಲೇ ಕೊಟ್ಟುಬಿಡುವುದೋ? – ಶಿವಮೊಗ್ಗದ ಓದುಗರು

ಉತ್ತರ: ಆ ನಲವತ್ತು ಸಾವಿರಕ್ಕೆ ಸದ್ಯ ಒಪ್ಪಿಕೊಳ್ಳಬೇಡಿ. ಹಾಗೆಂದು ಆ ಮೊತ್ತ ಖಂಡಿತ ಕಡಿಮೆ ಎಂದು ನಾನು ಹೇಳುತ್ತಿಲ್ಲ. ಅದು ಹೆಚ್ಚೂ ಆಗಿರಬಹುದು. ಟ್ರಂಕಿನಲ್ಲಿ ಏನಿದೆ ಎಂದು ನಿಮಗೆ ಗೊತ್ತಿಲ್ಲದಿರುವಾಗ ಯಾವ ಬೆಲೆಯನ್ನೂ ತೂಗಿ ನೋಡಲು ಆಗುವುದಿಲ್ಲ. ಇಂಥ ಸಂಗ್ರಹಗಳಲ್ಲಿ ಬಹುಪಾಲು ಸಾಮಾನ್ಯ ವಸ್ತುಗಳೇ ಇರುತ್ತವೆ, ಬೆಲೆಯೆಲ್ಲ ನಾಲ್ಕಾರು ವಸ್ತುಗಳಲ್ಲಿ ಕೂತಿರುತ್ತದೆ. ಎಲ್ಲ ಸೇರಿಸಿ ಇಷ್ಟು ಎಂದು ಕೇಳುವವರ ಕಣ್ಣು ಸಾಮಾನ್ಯವಾಗಿ ಆ ನಾಲ್ಕಾರರ ಮೇಲೆಯೇ ಇರುತ್ತದೆ. ಆದ್ದರಿಂದ ಎಲ್ಲಿ ಮಾರುವುದು ಎಂಬುದು ಕೊನೆಯ ಪ್ರಶ್ನೆ. ಏನಿದೆ ಎಂಬುದು ಮೊದಲನೆಯದು.

ಅದಕ್ಕೂ ಮೊದಲು ಒಂದು ಮಾತು. ಈ ವಸ್ತುಗಳು ನಿಮ್ಮೊಬ್ಬರದಲ್ಲ. ಉಯಿಲು ಇಲ್ಲದಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ನಿಮ್ಮ ಕುಟುಂಬಕ್ಕೆ ಅನ್ವಯಿಸುವುದಾದರೆ, ತಂದೆಯವರ ಸ್ವಂತ ಸಂಪಾದನೆಯಲ್ಲಿ ನಿಮ್ಮ ತಾಯಿ, ನೀವು, ನಿಮ್ಮ ತಂಗಿ ಮೂವರಿಗೂ ಸಮಪಾಲು. ನಿಮ್ಮ ಪತ್ರದಲ್ಲಿ ತಾಯಿಯವರ ಅಭಿಪ್ರಾಯ ಎಲ್ಲೂ ಬಂದಿಲ್ಲ. ಅವರನ್ನು ಕೂರಿಸಿಕೊಂಡು ಆಲ್ಬಮ್ ತೆರೆದು ತೋರಿಸಿ, ಯಾವುದನ್ನು ಇಟ್ಟುಕೊಳ್ಳಬೇಕು ಅನ್ನಿಸುತ್ತದೆ ಎಂದು ಕೇಳಿ. ಮೂವರೂ ಒಪ್ಪಿದ್ದನ್ನು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಡಿ. ತಂಗಿಯವರು ಇಮೇಲಿನಲ್ಲಿ ಒಪ್ಪಿಗೆ ಕೊಟ್ಟರೆ ಅದರ ಪ್ರತಿ ಜೊತೆಗಿರಲಿ. ಹಣ ಕೈಗೆ ಬಂದಮೇಲೆ ಏಳುವ ಮನಸ್ತಾಪಕ್ಕೆ ಇದಕ್ಕಿಂತ ಸುಲಭದ ಮದ್ದಿಲ್ಲ.

ಈಗ ಟ್ರಂಕಿಗೆ ಬರೋಣ. ಯಾವುದನ್ನೂ ತೊಳೆಯಬೇಡಿ. ನಮ್ಮ ಮನೆಗಳಲ್ಲಿ ಹಿತ್ತಾಳೆ, ತಾಮ್ರ, ಬೆಳ್ಳಿ ಕಂಡರೆ ಕೈ ತಾನಾಗಿ ಹುಣಸೆಹಣ್ಣಿಗೆ, ವಿಭೂತಿಗೆ ಹೋಗುತ್ತದೆ. ನಾಣ್ಯದ ಮಟ್ಟಿಗೆ ಅದು ನಷ್ಟದ ಕೆಲಸ. ಹತ್ತಾರು ವರ್ಷಗಳಲ್ಲಿ ಲೋಹದ ಮೇಲೆ ತಾನಾಗಿ ಕೂತ ಕಪ್ಪು ಅಥವಾ ಕಂದು ಛಾಯೆಯನ್ನು ಸಂಗ್ರಾಹಕರು ಬಯಸುತ್ತಾರೆ, ಉಜ್ಜಿದ ಹೊಳಪನ್ನು ದೂರವಿಡುತ್ತಾರೆ. ಉಜ್ಜಿದ ಗೆರೆಗಳು ಭೂತಗನ್ನಡಿಯಲ್ಲಿ ಎದ್ದು ಕಾಣುತ್ತವೆ, ಮತ್ತೆ ಸರಿಹೋಗುವುದಿಲ್ಲ. ನಾಣ್ಯಗಳು ಮೆತ್ತನೆಯ ಪ್ಲಾಸ್ಟಿಕ್ ಹಾಳೆಯಲ್ಲಿದ್ದು, ಮೇಲೆ ಹಸಿರು ಅಂಟು ಕಾಣಿಸಿದರೆ ಅದು ಪಿವಿಸಿ ಎಂಬ ಪ್ಲಾಸ್ಟಿಕ್‌ನ ಕೆಲಸ. ಅವನ್ನು ಹೊರತೆಗೆದು ಒಂದೊಂದನ್ನೇ ಕಾಗದದ ಲಕೋಟೆಗೆ ಹಾಕಿಡಿ, ಅಂಟನ್ನು ಕೆರೆಯಬೇಡಿ.

ಅಂಚೆಚೀಟಿಗಳನ್ನು ಲಕೋಟೆಯಿಂದ ಕಿತ್ತು ತೆಗೆಯಬೇಡಿ. ನಿಮ್ಮ ತಂದೆಯವರು ಕಟ್ಟಿಟ್ಟ ಆ ಹಳೆಯ ಲಕೋಟೆಗಳೇ ಆಲ್ಬಮ್‌ಗಳಿಗಿಂತ ಹೆಚ್ಚು ಬೆಲೆಯವಾಗಿದ್ದರೂ ಆಶ್ಚರ್ಯವಿಲ್ಲ. ಲಕೋಟೆಯ ಮೇಲಿನ ಮುದ್ರೆ, ದಿನಾಂಕ, ಹೊರಟ ಊರು, ತಲುಪಿದ ಊರು, ಕಟ್ಟಿದ ದರ ಇವೆಲ್ಲ ಸೇರಿಯೇ ಅಂಚೆ ಇತಿಹಾಸ. ಅದನ್ನೇ ಸಂಗ್ರಹಿಸುವ ದೊಡ್ಡ ಬಳಗವಿದೆ. ನಮ್ಮ ನಾಡಿನದೇ ಉದಾಹರಣೆ ನೋಡಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1672ರಲ್ಲಿ ಶುರುವಾದ ಮೈಸೂರು ಅಂಚೆ 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಸೇರಿಹೋಯಿತು. ಆ ಕಾಲದ ಅಂಚೆ ಮುದ್ರೆ ಬಿದ್ದ ಕಾಗದ ಸಿಕ್ಕರೆ ಅದರಲ್ಲಿ ಸ್ಟಾಂಪು ಇಲ್ಲದಿದ್ದರೂ ಕೇಳುವವರಿದ್ದಾರೆ. ಮೈಸೂರು ಲ್ಯಾನ್ಸರ್ಸ್ ಪಡೆ 1918ರ ಸೆಪ್ಟೆಂಬರ್ 23ರಂದು, ಈಗ ಇಸ್ರೇಲಿನಲ್ಲಿರುವ ಹೈಫಾದಲ್ಲಿ ಹೋರಾಡಿದ್ದು ನಿಮಗೆ ಗೊತ್ತಿರಬಹುದು. ಅಂಥ ಯೋಧರು ರಣರಂಗದ ಅಂಚೆಯಿಂದ ಊರಿಗೆ ಬರೆದ ಕಾಗದ ಯಾರ ಮನೆಯಲ್ಲಾದರೂ ಇದ್ದರೆ ಅದರ ಸ್ಟಾಂಪು ಕತ್ತರಿಸುವುದು ಅನಾಹುತವೇ ಸರಿ. ಮಕ್ಕಳ ಆಲ್ಬಮ್ಮಿಗೆಂದು ಹೀಗೆ ಕತ್ತರಿಸಿ ಹಾಳಾದ ಕಾಗದಗಳನ್ನು ಕಂಡಾಗ ಈಗಲೂ ಸಂಕಟವಾಗುತ್ತದೆ.

ಮೂರನೆಯದು, ತಂದೆಯವರು ಮಾಡಿಟ್ಟ ಕ್ರಮವನ್ನು ಕೆಡಿಸಬೇಡಿ. ಬ್ಯಾಂಕಿನಲ್ಲಿದ್ದವರು ಎನ್ನುತ್ತೀರಿ, ಎಲ್ಲಾದರೂ ಒಂದು ನೋಟ್‌ಬುಕ್ ಬರೆದಿಟ್ಟಿರುತ್ತಾರೆ. ಆಲ್ಬಮ್ಮಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ಅಂಕಿ, ಲಕೋಟೆಯ ಬೆನ್ನಿನ ಟಿಪ್ಪಣಿ, ಹಳೆಯ ರಸೀದಿ, ಹರಾಜಿನ ಪಟ್ಟಿ, ಬೇರೆ ಸಂಗ್ರಾಹಕರ ಪತ್ರಗಳು ಎಲ್ಲವನ್ನೂ ಹುಡುಕಿ. ಎಲ್ಲಿ, ಯಾವಾಗ, ಎಷ್ಟಕ್ಕೆ ಕೊಂಡದ್ದು ಎಂಬ ಆಧಾರವಿದ್ದರೆ ವಸ್ತು ಅಸಲಿ ಎಂಬ ನಂಬಿಕೆಯೂ ಕೊಳ್ಳುವವರಿಗೆ ಬರುತ್ತದೆ, ಮುಂದೆ ಕಾನೂನಿನ ಪ್ರಶ್ನೆ, ತೆರಿಗೆಯ ಲೆಕ್ಕ ಎದುರಾದಾಗಲೂ ಅದೇ ಕೈಹಿಡಿಯುತ್ತದೆ. ಪ್ರತಿ ಪುಟದ ಫೋಟೊ ತೆಗೆದು, ನಂಬರ್ ಹಾಕಿ, ಪಟ್ಟಿ ಮಾಡಿ. ಬೇಸರದ ಕೆಲಸ, ಎರಡು ಮೂರು ಭಾನುವಾರ ಹಿಡಿಯುತ್ತದೆ. ಆದರೆ ಆ ಪಟ್ಟಿ ಕೈಯಲ್ಲಿದ್ದರೆ ನಿಮ್ಮೊಂದಿಗೆ ವ್ಯಾಪಾರಿ ಮಾತಾಡುವ ಧಾಟಿಯೇ ಬದಲಾಗುತ್ತದೆ.

ನಾಣ್ಯಗಳಲ್ಲಿ ಬೆಳ್ಳಿ ರೂಪಾಯಿಯಿಂದ ಶುರುಮಾಡಿ, ಏಕೆಂದರೆ ಅದರ ತಳಬೆಲೆಯನ್ನು ನೀವೇ ಲೆಕ್ಕ ಹಾಕಬಹುದು. ವಿಕ್ಟೋರಿಯಾ, ಏಳನೇ ಎಡ್ವರ್ಡ್, ಐದನೇ ಜಾರ್ಜ್ ಕಾಲದ ರೂಪಾಯಿ ಒಂದು ತೊಲ, ಅಂದರೆ 11.66 ಗ್ರಾಂ ತೂಗುತ್ತದೆ. ಅದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ, ಹತ್ತಿರ ಹತ್ತಿರ 10.7 ಗ್ರಾಂ. ಆರನೇ ಜಾರ್ಜ್‌ನ 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕರ್ಧ, 5.83 ಗ್ರಾಂ ಮಾತ್ರ. 1947ರ ಹುಲಿ ಚಿತ್ರದ ರೂಪಾಯಿ ನಿಕಲ್‌ನದು, ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ. ಆ ದಿನದ ಬೆಳ್ಳಿ ದರದಿಂದ ಗುಣಿಸಿದರೆ ಬರುವುದು ಕರಗಿಸುವ ಬೆಲೆ. ಅದಕ್ಕಿಂತ ಕಡಿಮೆಗೆ ಯಾವ ಅಸಲಿ ಬೆಳ್ಳಿ ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಸವೆದ ಸಾಮಾನ್ಯ ಇಸವಿಗಳಿಗೆ ಅದಕ್ಕಿಂತ ಸ್ವಲ್ಪ ಹೆಚ್ಚು ಸಿಗುತ್ತದೆ, ಅಷ್ಟೇ.

ಆದರೆ ಎಲ್ಲವನ್ನೂ ಅಕ್ಕಸಾಲಿಗರ ತಕ್ಕಡಿಗೆ ಸುರಿಯಬೇಡಿ. 1911ರ ಐದನೇ ಜಾರ್ಜ್ ರೂಪಾಯಿಯನ್ನು ಬೇರೆ ತೆಗೆದಿಡಿ. ಅದರಲ್ಲಿ ದೊರೆಯ ನಿಲುವಂಗಿಯ ಮೇಲಿನ ಪುಟ್ಟ ಆನೆ ಹಂದಿಯ ಹಾಗೆ ಕಾಣುತ್ತದೆಂದು ಗಲಾಟೆಯಾಗಿ ಸರ್ಕಾರ ಚಲಾವಣೆ ನಿಲ್ಲಿಸಿತು, 1912ರಲ್ಲಿ ಆನೆಯನ್ನು ತಿದ್ದಿ ಹೊಸದಾಗಿ ಅಚ್ಚು ಹಾಕಿತು. 1939ರ ರೂಪಾಯಿ ಅದಕ್ಕಿಂತ ತೀರಾ ಅಪರೂಪ, ಹಾಗಾಗಿ ನಕಲಿಯೂ ಹೇರಳ. 1862ರ ವಿಕ್ಟೋರಿಯಾ ರೂಪಾಯಿ ಸಾಮಾನ್ಯವೇ, ಆದರೆ ಅದೇ ಇಸವಿಯನ್ನು 1874ರವರೆಗೂ ಉಳಿಸಿಕೊಂಡು ಅಚ್ಚು ಹಾಕಿದರು, ಚುಕ್ಕಿಗಳ ಎಣಿಕೆ, ಜಾಗ ನೋಡಿ ಬೇರೆ ಬೇರೆ ಬಗೆಗಳನ್ನು ಗುರುತಿಸುತ್ತಾರೆ. ಕೆಲವು ಬಗೆಗೆ ಒಳ್ಳೆಯ ಬೇಡಿಕೆಯಿದೆ.

ಕಾಳಿನಷ್ಟು ಚಿಕ್ಕ ಚಿನ್ನದ ಚೂರುಗಳಿದ್ದರೆ ಮುರುಕು ಒಡವೆ ಎಂದು ಬಗೆಯಬೇಡಿ. ‘ಹಣ’ ಎಂದರೆ ಇಲ್ಲಿ ಹಳೆಯ ಕಾಲದ ಪುಟ್ಟ ಚಿನ್ನದ ನಾಣ್ಯ. ಅರ್ಧ ಗ್ರಾಂ ಕೂಡ ತೂಗದ ಕಂಠೀರಾಯಿ ಹಣ, ಟಿಪ್ಪುವಿನ ಕಾಲದ ಹಣ ಹಾಗೇ ಇರುತ್ತವೆ. ಸುಮಾರು 3.4 ಗ್ರಾಂ ತೂಗುವ ವಿಜಯನಗರದ ವರಹ, ಶಿವಪಾರ್ವತಿಯರ ಚಿತ್ರವಿದ್ದು ಹಿಂದೆ ಪರ್ಷಿಯನ್ ಲಿಪಿಯ ಒಂದೇ ಅಕ್ಷರ ಇರುವ ಹೈದರ್ ಅಲಿಯ ವರಹ ಕೂಡ ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಸಿಗುವುದುಂಟು. ತಾಮ್ರದಲ್ಲಿ ಟಿಪ್ಪುವಿನ ಆನೆ ಕಾಸು, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕನ್ನಡ ಅಕ್ಷರಗಳ ಮಯಿಲಿ ಕಾಸು ಇವೆಯೇ ನೋಡಿ. ಇವುಗಳ ಬೆಲೆ ಟಂಕಸಾಲೆ, ಇಸವಿ, ಸವಕಲು ನೋಡಿ ನೂರರಿಂದ ಹಲವು ಸಾವಿರದವರೆಗೂ ಬದಲಾಗುತ್ತದೆ, ಬರೀ ಫೋಟೊ ನೋಡಿ ಹೇಳಲಾಗದು.

ನಡುವೆ ತೂತಿರುವ 1943ರಿಂದ 1947ರ ತಾಮ್ರದ ಕಾಸು ಎಲ್ಲರ ಮನೆಯಲ್ಲೂ ಇದೆ, ಬೆಲೆ ಇಲ್ಲ. ವಿಡಿಯೊಗಳಲ್ಲಿ ಲಕ್ಷ, ಕೋಟಿ ಹೇಳುವ, ರಾಮದರ್ಬಾರ್ ಚಿತ್ರದ ‘ಈಸ್ಟ್ ಇಂಡಿಯಾ ಕಂಪನಿ 1818’ ನಾಣ್ಯ ನಾಣ್ಯವೇ ಅಲ್ಲ. ಕಂಪನಿ ಅಂಥದ್ದನ್ನು ಅಚ್ಚು ಹಾಕಿಸಲೇ ಇಲ್ಲ, ಅವು ಆಮೇಲೆ ಮಾಡಿದ ಬಿಲ್ಲೆಗಳು. ವೈಷ್ಣೋದೇವಿ ಚಿತ್ರದ ಐದು ರೂಪಾಯಿ, 786 ಅಂಕಿಯ ನೋಟು ಇವುಗಳ ಸುತ್ತಲಿನ ಲಕ್ಷದ ಮಾತನ್ನೂ ಬದಿಗಿಡಿ. ಆ ವಿಡಿಯೊಗಳ ಉದ್ದೇಶ ನಿಮ್ಮಿಂದ ಕೊಳ್ಳುವುದಲ್ಲ. ಕರೆ ಮಾಡಿದರೆ ನೋಂದಣಿ ಶುಲ್ಕ, ಜಿಎಸ್‌ಟಿ, ರಿಸರ್ವ್ ಬ್ಯಾಂಕಿನ ಕಮಿಷನ್ ಎಂದು ಮೊದಲು ನಿಮ್ಮಿಂದಲೇ ಹಣ ಕೇಳುತ್ತಾರೆ. ತನ್ನ ಹೆಸರು, ಲಾಂಛನ ಬಳಸಿ ಹೀಗೆ ವಂಚಿಸುತ್ತಿದ್ದಾರೆ, ತಾನು ಇಂಥ ವ್ಯವಹಾರದಲ್ಲಿಲ್ಲ, ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ನಿವೃತ್ತರು, ಹಳ್ಳಿಯ ಹುಡುಗರು ಇದಕ್ಕೆ ಸಾವಿರಾರು ರೂಪಾಯಿ ಕಳೆದುಕೊಳ್ಳುತ್ತಲೇ ಇದ್ದಾರೆ. ಮಾರುವವರು ಕೊಳ್ಳುವವರಿಗೆ ಮುಂಗಡ ಕೊಡುವ ವ್ಯಾಪಾರ ಲೋಕದಲ್ಲಿ ಎಲ್ಲೂ ಇಲ್ಲ.

ಅಂಚೆಚೀಟಿಗಳ ವಿಷಯದಲ್ಲಿ ನಿಮಗೆ ನಿರಾಸೆಯಾಗುವ ಸಾಧ್ಯತೆ ಹೆಚ್ಚು, ಈಗಲೇ ಹೇಳಿಬಿಡುತ್ತೇನೆ. 1960ರ ನಂತರದ ಸ್ಮಾರಕ ಚೀಟಿಗಳು ಲಕ್ಷಗಟ್ಟಲೆ ಅಚ್ಚಾದವು, ಸಾವಿರಾರು ಜನ ಜೋಪಾನ ಮಾಡಿದರು. ಇಂದು ವ್ಯಾಪಾರಿಗಳು ಹೊಸ ಚೀಟಿಯ ಹಾಳೆಗಳನ್ನು ಮುಖಬೆಲೆಗಿಂತ ಕಡಿಮೆಗೇ ಕೇಳುತ್ತಾರೆ. ಚೀಟಿ ಬಿಡುಗಡೆಯಾದ ದಿನವೇ ಮುದ್ರೆ ಒತ್ತಿದ ‘ಮೊದಲ ದಿನದ ಲಕೋಟೆ’ಗಳದೂ ಅದೇ ಕಥೆ. ಬೆಂಗಳೂರಿನ ಪ್ರಧಾನ ಅಂಚೆ ಕಚೇರಿಯಲ್ಲಿರುವ (ಜಿಪಿಒ) ಫಿಲಾಟೆಲಿ, ಅಂದರೆ ಅಂಚೆಚೀಟಿ ಸಂಗ್ರಹದ ವಿಭಾಗ ಚೀಟಿ ಮಾರುತ್ತದೆ, ಹಳೆಯದನ್ನು ಕೊಳ್ಳುವುದಿಲ್ಲ. 1947ರ ನವೆಂಬರ್ 21ರಂದು ಬಂದ ಸ್ವತಂತ್ರ ಭಾರತದ ಮೊದಲ ಚೀಟಿಯೂ, ಇತಿಹಾಸ ದೊಡ್ಡದಾದರೂ, ಅಪರೂಪವೇನಲ್ಲ. ನಿಜಕ್ಕೂ ಹುಡುಕಬೇಕಾದದ್ದು 1948ರ ಆಗಸ್ಟ್ 15ರಂದು ಬಂದ ಗಾಂಧಿ ಸರಣಿ: ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ, ಹತ್ತು ರೂಪಾಯಿ. ಸ್ವಿಟ್ಜರ್ಲೆಂಡಿನಲ್ಲಿ ಅಚ್ಚಾದ ಈ ಸರಣಿಯ ಹತ್ತು ರೂಪಾಯಿಯ ಚೀಟಿಗೆ, ಅದೂ ಹಿಂದಿನ ಅಂಟು ಕೆಡದಿದ್ದರೆ, ಒಳ್ಳೆಯ ಬೆಲೆಯಿದೆ. ಗವರ್ನರ್ ಜನರಲ್ ಕಚೇರಿಯ ಬಳಕೆಗೆಂದು ‘ಸರ್ವಿಸ್’ ಎಂದು ಮೇಲಚ್ಚು ಹಾಕಿದ ಹತ್ತು ರೂಪಾಯಿಯ ಚೀಟಿ ಭಾರತದ ಅತಿ ದುಬಾರಿ ಚೀಟಿಗಳಲ್ಲೊಂದು. ನಿಮ್ಮ ಆಲ್ಬಮ್ಮಿನಲ್ಲಿ ಅದು ಕಂಡರೆ ಮೊದಲು ನಕಲಿ ಎಂದೇ ಭಾವಿಸಿ, ತಜ್ಞರ ಪ್ರಮಾಣಪತ್ರ ಬರುವವರೆಗೂ ಯಾರಿಗೂ ಬೆಲೆ ಹೇಳಬೇಡಿ. 1854ರ ವಿಕ್ಟೋರಿಯಾ ಚೀಟಿಗಳು, ಸಂಸ್ಥಾನಗಳ ಕಾಲದ ಛಾಪಾ ಕಾಗದ, ಕೋರ್ಟ್ ಫೀ ಸ್ಟಾಂಪುಗಳಿದ್ದರೆ ಅವನ್ನೂ ಪ್ರತ್ಯೇಕವಾಗಿಡಿ. ಮಲೆನಾಡಿನ ತೇವಕ್ಕೆ ಚೀಟಿಗಳ ಅಂಟು ಹಳದಿಯಾಗಿ ಕಂದು ಚುಕ್ಕೆ ಬೀಳುತ್ತದೆ. ಮಳೆಗಾಲ ಬರುವ ಮೊದಲು ಆಲ್ಬಮ್‌ಗಳನ್ನು ಟ್ರಂಕಿನಿಂದ ತೆಗೆದು ಗಾಳಿಯಾಡುವ ಕಪಾಟಿನಲ್ಲಿ ನಿಲ್ಲಿಸಿಡಿ.

ನೋಟುಗಳಲ್ಲಿ ಒಂದನ್ನು ಇಂದೇ ಎಣಿಸಿ. 2016ರ ನವೆಂಬರ್ 8ರಂದು ರದ್ದಾದ 500, 1000 ರೂಪಾಯಿಯ ನೋಟುಗಳು ಆ ಕಟ್ಟಿನಲ್ಲಿವೆಯೇ? 2017ರ ಕಾಯ್ದೆಯ ಪ್ರಕಾರ ಒಬ್ಬರು ಹತ್ತಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ, ಅಧ್ಯಯನಕ್ಕೆ, ಸಂಗ್ರಹಕ್ಕೆ ಎಂದಾದರೆ 25. ಮೀರಿದರೆ ಹತ್ತು ಸಾವಿರ ರೂಪಾಯಿ ಅಥವಾ ಮುಖಬೆಲೆಯ ಐದು ಪಟ್ಟು, ಯಾವುದು ಹೆಚ್ಚೋ ಅಷ್ಟು ದಂಡ. ಹೆಚ್ಚಿದ್ದರೆ ಮಾರಲು ಹೊರಡದೆ ವಕೀಲರೊಬ್ಬರನ್ನು ಕೇಳಿ. ಹಳೆಯ ಕಾಲದ್ದು ಬೇರೆ ಮಾತು. 1978ರಲ್ಲಿ ರದ್ದಾದ, ತಂಜಾವೂರು ದೇವಾಲಯದ ಚಿತ್ರವಿದ್ದ ಸಾವಿರದ ನೋಟು ಇದ್ದರೆ ಸಂಗ್ರಾಹಕರು ಖುಷಿಯಿಂದ ಕೊಳ್ಳುತ್ತಾರೆ. ಮಡಿಕೆ, ಪಿನ್ನಿನ ತೂತು, ಟೇಪು ಇವು ನೋಟಿನ ಬೆಲೆಯನ್ನು ನೇರವಾಗಿ ಕಡಿಯುತ್ತವೆ. ಹರಿದಿದ್ದರೂ ಅಂಟಿಸಬೇಡಿ, ಇಸ್ತ್ರಿ ಹಾಕಬೇಡಿ.

ಎಚ್‌ಎಂಟಿ ಗಡಿಯಾರಗಳಿಗೆ ಈಗ ಪ್ರೀತಿಯ ಗಿರಾಕಿಗಳಿದ್ದಾರೆ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಗಡಿಯಾರದ ಘಟಕ ಮುಚ್ಚಿದ ಮೇಲೆ ಈ ಪ್ರೀತಿ ಇನ್ನೂ ಹೆಚ್ಚಿದೆ. ಮಾರುಕಟ್ಟೆಯಲ್ಲಿ ಹೊಸ ಬಣ್ಣ ಬಳಿದ ಡಯಲ್, ಬೇರೆ ಬೇರೆ ಗಡಿಯಾರದ ಭಾಗ ಸೇರಿಸಿದ್ದೇ ತುಂಬಿರುವುದರಿಂದ, ಒಬ್ಬರೇ ಕಟ್ಟಿಕೊಂಡ, ಮೂಲ ಡಯಲ್ ಉಳಿದಿರುವ ಜನತಾ ಅಥವಾ ಪೈಲಟ್‌ಗೆ ಬೇಡಿಕೆ. ಪಾಲಿಶ್ ಮಾಡಿಸಬೇಡಿ, ಗೀರಿದ್ದರೂ ಇರಲಿ. ದೊಡ್ಡ ಮೊತ್ತ ಬರುವುದಿಲ್ಲ. ಮೂರರಲ್ಲಿ ಒಂದನ್ನು ರಿಪೇರಿ ಮಾಡಿಸಿ ನೀವೇ ಕಟ್ಟಿಕೊಳ್ಳಿ ಎನ್ನುವುದು ನನ್ನ ಆಸೆ.

ಬೀಟೆಮರದ ಪೆಟ್ಟಿಗೆಯನ್ನು ಮಾತ್ರ ಯಾವ ಜಾಹೀರಾತಿಗೂ ಹಾಕಬೇಡಿ. ಮೈಸೂರಿನ ಹಳೆಯ ಕುಸುರಿಯಲ್ಲಿ ಆನೆದಂತ ಬಳಸುತ್ತಿದ್ದರು, ಈಚಿನದರಲ್ಲಿ ಪ್ಲಾಸ್ಟಿಕ್ ಇರುತ್ತದೆ. ದಂತವಾಗಿದ್ದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮಾರುವುದು ಅಪರಾಧ, ಪಿತ್ರಾರ್ಜಿತವಾದರೂ ಅಷ್ಟೇ. ಅರಣ್ಯ ಇಲಾಖೆಯಲ್ಲಿ ವಿಚಾರಿಸಿ.

ತಂಗಿಯವರ ಸಲಹೆಯ ಬಗ್ಗೆ ಹೆಚ್ಚು ಗಟ್ಟಿಯಾಗಿ ಹೇಳಬೇಕಾಗಿದೆ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆಯ ಪ್ರಕಾರ ಪುರಾವಸ್ತು. ಅದನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವುದು ನಿಷಿದ್ಧ, ಕನಿಷ್ಠ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು ಶಿಕ್ಷೆಗೆ ಅವಕಾಶವಿದೆ. ಪಾರ್ಸೆಲ್ ಆಗಲಿ, ರಜೆಗೆ ಬಂದವರ ಸೂಟ್‌ಕೇಸ್ ಆಗಲಿ, ಎರಡೂ ಒಂದೇ. ಗುಣಮಟ್ಟದ ಪ್ರಮಾಣಪತ್ರಕ್ಕೆಂದು ವಿದೇಶಿ ಸಂಸ್ಥೆಗೆ ಕಳಿಸುವುದೂ ಹಾಗೆಯೇ. ಹಳೆಯ ಚೀಟಿ, ಲಕೋಟೆ, ಕಾಗದಗಳ ಬಗ್ಗೆ ಅನುಮಾನವಿದ್ದರೆ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಬೆಂಗಳೂರು ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ದೇಶದ ಒಳಗೆ ಮಾರಲು ಇಷ್ಟು ಬಿಗಿಯಿಲ್ಲ, ಆದರೆ ಪುರಾವಸ್ತುಗಳ ವ್ಯಾಪಾರ ನಡೆಸುವವರಿಗೆ ಪರವಾನಗಿ ಇರಬೇಕು. ಹಾಗಾಗಿ ವರಹ, ಹಣ, ಹಳೆಯ ಬೆಳ್ಳಿ ರೂಪಾಯಿಗಳನ್ನು ಪರವಾನಗಿ ಇರುವ ವ್ಯಾಪಾರಿ ಅಥವಾ ಹರಾಜು ಸಂಸ್ಥೆಯ ಮೂಲಕವೇ ಕೊಡಿ. ಇನ್ನೊಂದು, ಆ ನಾಣ್ಯಗಳು ಹೊಲ ಉಳುವಾಗಲೋ ಪಾಯ ತೋಡುವಾಗಲೋ ಸಿಕ್ಕಿದವು ಎಂದು ಮನೆಯಲ್ಲಿ ಯಾರಾದರೂ ಹೇಳಿದರೆ ಅಲ್ಲೇ ನಿಲ್ಲಿ. ಅದು ನಿಧಿಯ ಕಾನೂನಿಗೆ ಬರುತ್ತದೆ, ಜಿಲ್ಲಾಡಳಿತಕ್ಕೆ ತಿಳಿಸಬೇಕಾದ ಸಂಗತಿ.

ಇಷ್ಟಾದ ಮೇಲೆ ಎಲ್ಲಿ ಮಾರುವುದು ಎಂಬ ಪ್ರಶ್ನೆಗೆ ಉತ್ತರ ಸುಲಭ. ಎಲ್ಲವನ್ನೂ ಒಂದೇ ಕಡೆ ಮಾರಬೇಡಿ. ಬೇರೆ ತೆಗೆದಿಟ್ಟ ನಾಲ್ಕಾರು ಒಳ್ಳೆಯ ವಸ್ತುಗಳು ಹರಾಜಿಗೆ. ಬೆಂಗಳೂರಿನ ಮರುಧರ್ ಆರ್ಟ್ಸ್, ಮುಂಬೈಯ ಟೋಡಿವಾಲಾದಂಥ ಸಂಸ್ಥೆಗಳು ನಾಣ್ಯ, ನೋಟುಗಳ ಹರಾಜು ನಡೆಸುತ್ತವೆ. ಹಿಂದಿನ ಹರಾಜುಗಳ ಪಟ್ಟಿಯಲ್ಲಿ ನಿಮ್ಮ ವಸ್ತುವಿನಂಥದ್ದು ನಿಜವಾಗಿ ಎಷ್ಟಕ್ಕೆ ಹೋಯಿತು ನೋಡಿ, ಆನ್‌ಲೈನಿನಲ್ಲಿ ಯಾರೋ ಹಾಕಿಕೊಂಡ ಬೆಲೆಯನ್ನಲ್ಲ. ಕಮಿಷನ್ ಎಷ್ಟು, ಕನಿಷ್ಠ ಬೆಲೆ ಯಾರು ನಿರ್ಧರಿಸುತ್ತಾರೆ, ಹಣ ಯಾವಾಗ ಕೈಸೇರುತ್ತದೆ, ಮಾರಾಟವಾಗದಿದ್ದರೆ ವಾಪಸ್ ಕಳಿಸುವ ಖರ್ಚು ಯಾರದು, ಅವರ ವಶದಲ್ಲಿದ್ದಾಗ ವಿಮೆ ಇದೆಯೇ, ಇವೆಲ್ಲ ಬರಹದಲ್ಲಿ ಬೇಕು. ಕೊಟ್ಟ ಪ್ರತಿ ವಸ್ತುವಿಗೂ ಫೋಟೊ ಸಹಿತ ರಸೀದಿ ಬೇಕು.

ಮಧ್ಯಮ ಬೆಲೆಯವನ್ನು ಸಂಗ್ರಾಹಕರಿಗೇ ನೇರವಾಗಿ ಮಾರಬಹುದು. ಬೆಂಗಳೂರಿನಲ್ಲಿ ಕನ್ನಡನಾಡು ನಾಣ್ಯ ಸಂಘ, ಕರ್ನಾಟಕ ಫಿಲಾಟೆಲಿಕ್ ಸೊಸೈಟಿ ಇವೆ, ನಾಣ್ಯ ಪ್ರದರ್ಶನಗಳೂ ನಡೆಯುತ್ತವೆ. ಮಾರುವ ಆತುರವಿಲ್ಲದೆ ಒಮ್ಮೆ ಹೋಗಿ ಬನ್ನಿ, ಮೂರು ಮಳಿಗೆಯಲ್ಲಿ ಅದೇ ವಸ್ತುವನ್ನು ತೋರಿಸಿ ಬೆಲೆ ಕೇಳಿ. ನಿಮ್ಮ ತಂದೆಯವರನ್ನು ಬಲ್ಲವರು ಸಿಕ್ಕರೂ ಸಿಗಬಹುದು. ಹಳೆಯ ಸಂಗ್ರಾಹಕರು ಸಾಮಾನ್ಯವಾಗಿ ನಿಜ ಹೇಳುತ್ತಾರೆ, ಅವರಿಗೆ ಈ ಬಳಗದಲ್ಲಿ ಹೆಸರು ಮುಖ್ಯ.

ಫೇಸ್‌ಬುಕ್ ಗುಂಪು, ಓಎಲ್‌ಎಕ್ಸ್ ಇವುಗಳನ್ನು ಗಡಿಯಾರ, ಸಾಮಾನ್ಯ ಚೀಟಿ, ಹೊಸಕಾಲದ ನಾಣ್ಯಗಳಿಗೆ ಇಟ್ಟುಕೊಳ್ಳಿ. ಹಗಲು ಬೆಳಕಿನಲ್ಲಿ ಎರಡೂ ಬದಿಯ ಫೋಟೊ, ತೂಕ, ಕುಂದು ಇದ್ದರೆ ಅದೂ. ಮನೆಯ ವಿಳಾಸ ಕೊಡಬೇಡಿ, ಭೇಟಿ ಬ್ಯಾಂಕಿನಲ್ಲೋ ಜನ ಓಡಾಡುವ ಹೋಟೆಲಿನಲ್ಲೋ ಇರಲಿ. ಹಣ ಬರಬೇಕಾದರೆ ನೀವು ಕ್ಯೂಆರ್ ಸ್ಕ್ಯಾನ್ ಮಾಡುವ, ಯುಪಿಐ ಪಿನ್ ಒತ್ತುವ ಅಗತ್ಯವೇ ಇಲ್ಲ. ಹಾಗೆ ಮಾಡಿ ಎಂದವರ ಕರೆಯನ್ನು ಅಲ್ಲೇ ಕತ್ತರಿಸಿ. ಹಣ ಖಾತೆಗೆ ಬಂದದ್ದನ್ನು ಬ್ಯಾಂಕಿನ ಆ್ಯಪ್‌ನಲ್ಲೇ ನೋಡಿ, ಸ್ಕ್ರೀನ್‌ಶಾಟ್ ನಂಬಬೇಡಿ. ಪ್ಯಾಕ್ ಮಾಡುವುದನ್ನು ವಿಡಿಯೊ ಮಾಡಿ, ವಿಮೆ ಮಾಡಿಸಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ.

ಉಳಿದ ಸಾಮಾನ್ಯ ಆಲ್ಬಮ್‌ಗಳು, ಸವೆದ ಕಾಸುಗಳಿಗೆ ಆಗ ನಿಮ್ಮ ಪರಿಚಯದವರನ್ನೇ ಕರೆಯಿರಿ, ಒಟ್ಟಾಗಿ ಒಂದು ಬೆಲೆಗೆ ಕೊಟ್ಟುಬಿಡಿ. ಅದರಲ್ಲಿ ತಪ್ಪೇನಿಲ್ಲ. ಒಂದೊಂದನ್ನೇ ಮಾರುತ್ತ ಕೂತರೆ ವರ್ಷಗಳು ಹೋಗುತ್ತವೆ. ಅಥವಾ ನಿಮ್ಮೂರ ಶಾಲೆಯಲ್ಲಿ ಆಸಕ್ತಿಯ ಮೇಷ್ಟರಿದ್ದರೆ ಒಂದು ಆಲ್ಬಮ್ ಅಲ್ಲಿಗೆ ಹೋಗಲಿ.

ಹಣದ ಲೆಕ್ಕ ಚೊಕ್ಕವಾಗಿರಲಿ. ಒಬ್ಬರಿಂದ ಒಂದೇ ದಿನ ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದಕ್ಕೆ ತೆರಿಗೆ ಇಲ್ಲ, ಆದರೆ ಮಾರಿದಾಗ ಬಂಡವಾಳ ಲಾಭದ ಪ್ರಶ್ನೆ ಏಳಬಹುದು. ಲೆಕ್ಕಕ್ಕೆ ಬರುವುದು ತಂದೆಯವರು ಕೊಂಡ ಬೆಲೆ ಮತ್ತು ಅವರು ಇಟ್ಟುಕೊಂಡ ಅವಧಿ. 2001ರ ಏಪ್ರಿಲ್ 1ಕ್ಕಿಂತ ಮೊದಲೇ ಕೊಂಡದ್ದಾದರೆ ಆ ದಿನದ ಮಾರುಕಟ್ಟೆ ಬೆಲೆಯನ್ನು ಆಧಾರವಾಗಿ ತೆಗೆದುಕೊಳ್ಳಬಹುದು. ನಿಮ್ಮ ಪಟ್ಟಿ, ಹಳೆಯ ರಸೀದಿಗಳನ್ನು ಹಿಡಿದು ಲೆಕ್ಕಪರಿಶೋಧಕರೊಬ್ಬರನ್ನು ಕಾಣಿ. ತಂಗಿಯವರ ಪಾಲನ್ನು ಇಲ್ಲಿರುವ ಅವರ ಎನ್‌ಆರ್‌ಒ (ಅನಿವಾಸಿ ಭಾರತೀಯರ) ಖಾತೆಗೆ ಹಾಕಬಹುದೇ ಎಂಬುದನ್ನೂ ಅವರಲ್ಲೇ ಕೇಳಿಕೊಳ್ಳಿ.